ಶಾಲೆಯ ಬಾಗಿಲು ಮುಚ್ಚಿದಾಗ ಮಕ್ಕಳ ಮನಸ್ಸಿನ ಬಾಗಿಲು ಮುಚ್ಚದಿರಲಿ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಹಾಗೂ ಪೋಷಕರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹರೂಪ)



ನಾನು ಭಾಷಣಕಾರನಲ್ಲ. ಓದಿರುವುದು ಎಸ್ಸೆಸ್ಸೆಲ್ಸಿ, ಅದರಲ್ಲೂ ಗಣಿತವನ್ನು ಎರಡನೇ ಸಲ ಕಟ್ಟಿ ಪಾಸು ಮಾಡಿಕೊಂಡವನು. ಮೂರು ಎಕರೆ ಜಮೀನು, ನಾಲ್ಕು ಹಸು, ಅರಿಶಿನ, ಬಾಳೆ, ವರ್ಷಕ್ಕೊಂದು ಸಲ ಚೆಂಡು ಹೂ, ಇದೇ ನನ್ನ ಪ್ರಪಂಚ. ಅಧ್ಯಕ್ಷರು "ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಎಲ್ಲರೂ ಹಾಲಿನ ಬಗ್ಗೆ, ಹಸುವಿನ ಬಗ್ಗೆ ಬರೆಯುತ್ತಾರೆ, ನೀನು ಮಕ್ಕಳ ಬಗ್ಗೆ ಎರಡು ಮಾತು ಹೇಳು" ಎಂದರು. ಯಾಕೆ ನನಗೇ ಹೇಳಿದರು ಎಂಬುದು ನಿಮ್ಮಲ್ಲಿ ಕೆಲವರಿಗೆ ಗೊತ್ತಿದೆ. ಗೊತ್ತಿಲ್ಲದವರಿಗೆ ಮಾತು ಮುಗಿಯುವುದರೊಳಗೆ ಗೊತ್ತಾಗುತ್ತದೆ.

ನಮ್ಮ ಸೀಮೆಯ ಮಕ್ಕಳಿಗೆ ಶಾಲೆ ನಿಂತುಹೋಗುವುದು ಹೊಸ ವಿಚಾರವಲ್ಲ. ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳು ಮಳೆಯನ್ನು ನಂಬಿದವು. ಮಳೆ ಕೈಕೊಟ್ಟರೆ ಜನ ಗಂಟು ಕಟ್ಟಿಕೊಂಡು ಕೊಡಗಿನ ಕಾಫಿ ತೋಟಕ್ಕೋ, ಕೇರಳದ ಕಡೆ ಶುಂಠಿ ಹೊಲಕ್ಕೋ ಹೋಗುತ್ತಾರೆ. ಅಪ್ಪ ಅವ್ವ ಹೋದ ಕಡೆ ಹೈಕಳೂ ಹೋಗುತ್ತವೆ. ಬಂಡೀಪುರದ ಅಂಚಿನ ಊರುಗಳಲ್ಲಿ ಆನೆ ಇಳಿದಿದೆ ಎಂದು ಸುದ್ದಿ ಬಂದರೆ ಆ ದಿನ ಮಕ್ಕಳನ್ನು ಯಾರೂ ಹೊರಗೆ ಕಳಿಸುವುದಿಲ್ಲ. 2000ನೇ ಇಸವಿ ಜುಲೈ 30ರ ರಾತ್ರಿ ಗಾಜನೂರಿನಿಂದ ವರನಟ ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿದಾಗ, ಅವರು ಬಿಡುಗಡೆಯಾಗುವ ತನಕ 108 ದಿನ ಈ ಗಡಿಸೀಮೆ ಹೇಗೆ ಉಸಿರು ಬಿಗಿಹಿಡಿದಿತ್ತು ಎಂಬುದು ನನ್ನ ವಯಸ್ಸಿನವರಿಗೆಲ್ಲ ನೆನಪಿದೆ. ದೊಡ್ಡವರು ರೇಡಿಯೋ ಮುಂದೆ ಕೂತಿದ್ದೆವು. ಮಕ್ಕಳು ನಮ್ಮ ಮುಖ ನೋಡಿಕೊಂಡು ಕೂತಿದ್ದರು. ಆಗ ನಮಗೆ ಅದು ಗೊತ್ತಾಗಲಿಲ್ಲ.

ನನ್ನದೇ ಒಂದು ಹೇಳುತ್ತೇನೆ. ಏಳನೇ ಕ್ಲಾಸಿನಲ್ಲಿದ್ದಾಗ ಒಂದು ವರ್ಷ ಹುರುಳಿ ಸಹಿತ ಒಣಗಿಹೋಯಿತು. ನಮ್ಮಪ್ಪ ನಮ್ಮನ್ನೆಲ್ಲ ಕರೆದುಕೊಂಡು ಕೊಡಗಿಗೆ ಹೋದರು. ಮೂರು ತಿಂಗಳು ಕಾಫಿ ಹಣ್ಣು ಕುಯ್ದೆ. ತಿರುಗಿ ಬಂದ ಮೇಲೆ ಶಾಲೆಗೆ ಹೋಗಲು ನಾಚಿಕೆ, ಹೆದರಿಕೆ. ಮೇಷ್ಟ್ರು ಹೊಡೆಯುತ್ತಾರೆ ಎಂದು ಮೂರು ದಿನ ಹುಣಸೆ ಮರದ ಹಿಂದೆ ನಿಂತು ವಾಪಸ್ಸು ಬಂದೆ. ನಾಲ್ಕನೇ ದಿನ ಮೇಷ್ಟ್ರೇ ನೋಡಿಬಿಟ್ಟರು. "ಎಲ್ಲಿಗೆ ಹೋಗಿದ್ದೆ" ಎಂದು ಕೇಳಲಿಲ್ಲ. "ಬಾ, ಮುಂದಿನ ಸಾಲಿನಲ್ಲಿ ಕೂತ್ಕೊ, ನಿನ್ನ ಜಾಗ ಹಂಗೇ ಐತೆ" ಎಂದರು. ಅಷ್ಟೇ. ಆ ಮಾತು ಇಲ್ಲದಿದ್ದರೆ ಇವತ್ತು ನಾನು ಈ ಮೈಕಿನ ಮುಂದೆ ಇರುತ್ತಿರಲಿಲ್ಲ. ಆದರೆ ಮನುಷ್ಯನ ಬುದ್ಧಿ ನೋಡಿ, ನನಗೆ ಸಿಕ್ಕಿದ ಆ ಒಳ್ಳೆಯ ಮಾತನ್ನು ನನ್ನ ಮಗಳಿಗೆ ಕೊಡುವ ಹೊತ್ತಿನಲ್ಲಿ ನಾನು ಮರೆತುಬಿಟ್ಟೆ.

ಈಗ ಕೊರೋನಾ ಕಾಲಕ್ಕೆ ಬರುತ್ತೇನೆ. 2020ರ ಮಾರ್ಚ್ ತಿಂಗಳಲ್ಲಿ ಶಾಲೆಗಳು ಮುಚ್ಚಿದವು. ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬೀಗ ಹಾಕಿಕೊಂಡಿತು. ನಮ್ಮ ಜಿಲ್ಲೆಯಲ್ಲಿ ಜೂನ್ ತಿಂಗಳವರೆಗೂ ಒಂದೇ ಒಂದು ಕೊರೋನಾ ಪ್ರಕರಣ ಇರಲಿಲ್ಲ. ಹಸಿರು ವಲಯ ಎಂದು ಪತ್ರಿಕೆಗಳಲ್ಲಿ ಹೊಗಳಿದರು, ನಾವೂ ಹೆಮ್ಮೆಪಟ್ಟೆವು. ಆದರೆ ರೋಗ ಬರದಿದ್ದರೂ ಶಾಲೆಗೆ ಬೀಗ ಬಿದ್ದಿತ್ತು. ಆ ಬೀಗ ಎಷ್ಟು ದಿನ ಇತ್ತು ಎಂದು ಒಮ್ಮೆ ಲೆಕ್ಕ ಹಾಕಿ. ಹತ್ತನೇ ತರಗತಿಯವರಿಗೆ 2021ರ ಜನವರಿ 1ರಿಂದ ಪಾಠ ಶುರುವಾಯಿತು, ಎರಡನೇ ಅಲೆ ಬಂದು ಮತ್ತೆ ನಿಂತು, ಆಗಸ್ಟ್ 23ಕ್ಕೆ ಪುನಃ ತೆರೆಯಿತು. ಆರರಿಂದ ಎಂಟನೇ ತರಗತಿಯವರಿಗೆ ಸೆಪ್ಟೆಂಬರ್ 6ಕ್ಕೆ. ಒಂದರಿಂದ ಐದನೇ ತರಗತಿಯ ಪುಟಾಣಿಗಳಿಗೆ 2021ರ ಅಕ್ಟೋಬರ್ 25ಕ್ಕೆ. ಹೆಚ್ಚು ಕಡಿಮೆ ಹತ್ತೊಂಬತ್ತು ತಿಂಗಳು! ಹಸು ಗಬ್ಬ ನಿಂತು ಕರು ಹಾಕಿ, ಆ ಕರು ಹುಲ್ಲು ಮೇಯುವ ಹೊತ್ತಾಯಿತು. ಅಷ್ಟು ದಿನ ಆರು ವರ್ಷದ ಕೂಸು ಪಾಟಿ ಮುಟ್ಟದೆ ಕೂತರೆ ಏನಾಗುತ್ತದೆ?

ಇದು ನಮಗೊಬ್ಬರಿಗೇ ಬಂದ ಕಷ್ಟವಲ್ಲ. ಆ ವರ್ಷ ಪ್ರಪಂಚದಲ್ಲಿ ನೂರೈವತ್ತು ಕೋಟಿಗೂ ಹೆಚ್ಚು ಮಕ್ಕಳು ಮನೆಯಲ್ಲಿ ಕೂತಿದ್ದರು ಎಂದು ಯುನೆಸ್ಕೋ ಸಂಸ್ಥೆ ಹೇಳಿತ್ತು. ಹಿಂದೆ 1937ರಲ್ಲಿ ಅಮೆರಿಕದ ಚಿಕಾಗೋ ಪಟ್ಟಣದಲ್ಲಿ ಪೋಲಿಯೋ ಬಂದು ಶಾಲೆ ಮುಚ್ಚಿದಾಗ ಮಕ್ಕಳಿಗೆ ರೇಡಿಯೋದಲ್ಲಿ ಪಾಠ ಮಾಡಿದ್ದರಂತೆ. ನಮ್ಮಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ಪಾಠ ಬಂತು. ಒಳ್ಳೆಯದೇ. ಆದರೆ ಪಾಠ ಬರುವ ಹೊತ್ತಿಗೆ ಕರೆಂಟು ಇರಬೇಕು, ಟೀವಿ ಇರಬೇಕು, ಇದ್ದರೂ ಅದರ ಮುಂದೆ ಕೂತ ಮಗುವಿಗೆ "ಗೊತ್ತಾಯಿತಾ?" ಎಂದು ಕೇಳುವವರು ಒಬ್ಬರು ಇರಬೇಕು. ಪಾಠ ಹೇಳುವ ಪೆಟ್ಟಿಗೆಗೆ ಮಗುವಿನ ಮುಖ ಕಾಣುವುದಿಲ್ಲ.

ಇನ್ನು ಮೊಬೈಲು. ಮನೆಗೊಂದು ಫೋನು, ಅದು ಅಪ್ಪನ ಜೇಬಿನಲ್ಲಿ. ಅಪ್ಪ ಹೊಲದಲ್ಲಿ. ಸಂಜೆ ಮನೆಗೆ ಬಂದಾಗ ಚಾರ್ಜು ಇಲ್ಲ, ಚಾರ್ಜು ಇದ್ದರೆ ಕರೆನ್ಸಿ ಇಲ್ಲ, ಎರಡೂ ಇದ್ದರೆ ನೆಟ್‌ವರ್ಕು ಇಲ್ಲ. ನಮ್ಮೂರಿನ ಹೈಸ್ಕೂಲು ಹುಡುಗರು ಫೋನು ಹಿಡಿದುಕೊಂಡು ನೀರಿನ ಟ್ಯಾಂಕಿನ ಮೇಲೆ ಹತ್ತಿ ಕೂರುತ್ತಿದ್ದುದನ್ನು ನೀವೇ ನೋಡಿದ್ದೀರಿ. ಕಾಡಂಚಿನ ಸೋಲಿಗರ ಪೋಡುಗಳಲ್ಲಿ, ಜೇನುಕುರುಬರ ಕಾಲೋನಿಗಳಲ್ಲಿ ಅಷ್ಟೂ ಇರಲಿಲ್ಲ. ಆಶ್ರಮ ಶಾಲೆಗಳೂ ಮುಚ್ಚಿ, ಅಲ್ಲಿದ್ದ ಮಕ್ಕಳು ಗಂಟುಮೂಟೆ ಹೊತ್ತು ಹಾಡಿಗೆ ಹೋದವು.

2020ರ ಆಗಸ್ಟ್‌ನಲ್ಲಿ ಸರ್ಕಾರ ವಿದ್ಯಾಗಮ ಎಂಬ ಕಾರ್ಯಕ್ರಮ ತಂದಿತು. ಮಕ್ಕಳು ಶಾಲೆಗೆ ಹೋಗುವ ಬದಲು ಮೇಷ್ಟ್ರೇ ಮಕ್ಕಳಿದ್ದ ಕಡೆ ಬರುವುದು. ನಮ್ಮೂರಿನಲ್ಲಿ ಮಾರಮ್ಮನ ಗುಡಿ ಜಗಲಿ, ಅರಳಿಕಟ್ಟೆ, ಸಮುದಾಯ ಭವನದ ಮುಂದಿನ ಚಪ್ಪಡಿಕಲ್ಲು ಇವೇ ಶಾಲೆಗಳಾದವು. ಮೇಷ್ಟ್ರುಗಳು ಬೈಕಿನಲ್ಲಿ ಬಂದು, ಬಿಸಿಲಲ್ಲಿ ನಿಂತು, ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಪಾಠ ಹೇಳಿದರು. ಅವರ ಋಣ ನಮ್ಮ ಮೇಲಿದೆ. ಆದರೆ ಕೆಲವು ಕಡೆ ಶಿಕ್ಷಕರಿಗೆ, ಮಕ್ಕಳಿಗೆ ಸೋಂಕು ತಗುಲಿ, ಶಿಕ್ಷಕರು ತೀರಿಕೊಂಡ ಸುದ್ದಿಯೂ ಬಂದು, ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಿದರು. ಮತ್ತೆ ಜನವರಿಯಲ್ಲಿ ಶಾಲೆಯ ಆವರಣದಲ್ಲಿ ಶುರುವಾಯಿತು, ಎರಡನೇ ಅಲೆಗೆ ಮತ್ತೆ ನಿಂತಿತು. ತೆರೆಯುವುದು ಮುಚ್ಚುವುದು, ತೆರೆಯುವುದು ಮುಚ್ಚುವುದು. ದೊಡ್ಡವರಾದ ನಮಗೇ ತಲೆ ಕೆಟ್ಟಿತ್ತು. ಮಕ್ಕಳ ಪಾಡೇನು?

ನನ್ನ ಮಗಳ ವಿಷಯ ಹೇಳುತ್ತೇನೆ. ಅವಳ ಒಪ್ಪಿಗೆ ತೆಗೆದುಕೊಂಡೇ ಹೇಳುತ್ತಿದ್ದೇನೆ. ಅವಳು ಒಂದನೇ ಕ್ಲಾಸು ಮುಗಿಸುವ ಹೊತ್ತಿಗೆ ಶಾಲೆ ಮುಚ್ಚಿತು. ತೆರೆದಾಗ ಮೂರನೇ ಕ್ಲಾಸು. ಎರಡನೇ ಕ್ಲಾಸು ಎಂಬುದು ಅವಳ ಪಾಲಿಗೆ ಬರಲೇ ಇಲ್ಲ. 2021ರ ಜೂನ್‌ನಲ್ಲಿ ಒಂದು ಸಂಜೆ, ಹೂವಿನ ರೇಟು ಬಿದ್ದು ತಲೆಬಿಸಿಯಲ್ಲಿ ಮನೆಗೆ ಬಂದವನು, ಅವಳ ಕೈಗೆ ಪುಸ್ತಕ ಕೊಟ್ಟು "ಓದು" ಅಂದೆ. "ಅಮ್ಮ" ಓದಿದಳು, "ಮರ" ಓದಿದಳು, "ಹಕ್ಕಿ" ಬಂದಾಗ ನಿಂತುಬಿಟ್ಟಳು. ಒತ್ತಕ್ಷರ ಮರೆತುಹೋಗಿತ್ತು. "ಎರಡು ವರ್ಷ ಅನ್ನ ತಿಂದದ್ದು ದಂಡ" ಎಂದು ಬೆನ್ನಿಗೆ ಹೊಡೆದೆ. ಅವಳು ಅಳಲಿಲ್ಲ. ಪುಸ್ತಕ ಮಡಿಸಿ ಗೂಡಿನಲ್ಲಿಟ್ಟು ಹೋಗಿ ಅವರಜ್ಜಿ ಪಕ್ಕ ಮಲಗಿಕೊಂಡಳು. ಆ ರಾತ್ರಿ ಹಾಸಿಗೆ ಒದ್ದೆಯಾಯಿತು. ಮಾರನೇ ರಾತ್ರಿಯೂ ಆಯಿತು. ಒಂದು ತಿಂಗಳು ಹೀಗೇ ನಡೆಯಿತು. ಪುಸ್ತಕ ಕಂಡರೆ ಹೊಟ್ಟೆನೋವು ಎನ್ನುತ್ತಿದ್ದಳು. ನನ್ನ ಹೆಂಡತಿ ಸೊಪ್ಪಿನ ಕಷಾಯ ಕೊಟ್ಟಳು, ನಾನು ದೇವರಿಗೆ ಹರಕೆ ಕಟ್ಟಿದೆ. ನಮ್ಮವ್ವ ಮಾತ್ರ ಒಂದು ದಿನ ನನ್ನನ್ನು ಕರೆದು, "ಮಗಾ, ಕೂಸ್ಗ ಹೊಟ್ಟೆನೋವಲ್ಲ ಕನಾ, ನಿನ್ನ ಭಯ" ಎಂದಳು. ಅವ್ವ ಶಾಲೆಯ ಮುಖ ನೋಡಿದವಳಲ್ಲ. ಎಸ್ಸೆಸ್ಸೆಲ್ಸಿ ಓದಿದ ನನಗೆ ಕಾಣದಿದ್ದದ್ದು ಅವಳಿಗೆ ಕಂಡಿತ್ತು.

ಬಂಧುಗಳೇ, ಕೆಚ್ಚಲು ಬಾವು ಬಂದ ಹಸುವಿಗೆ ಹೊಡೆದರೆ ಹಾಲು ಬರುತ್ತದಾ? ನಾವ್ಯಾರೂ ಹಾಗೆ ಮಾಡುವುದಿಲ್ಲ. ಬಿಸಿನೀರು ಶಾಖ ಕೊಡುತ್ತೇವೆ, ಡಾಕ್ಟರನ್ನು ಕರೆಸುತ್ತೇವೆ, ಹಸು ತಾನಾಗಿ ಹಾಲು ಇಳಿಸುವ ತನಕ ಕಾಯುತ್ತೇವೆ. ಹೆದರಿದ ಹಸು ಹಾಲು ಎಳೆದುಕೊಳ್ಳುತ್ತದೆ ಎಂಬುದು ನಮ್ಮೆಲ್ಲರಿಗೂ ಗೊತ್ತು. ಹೆದರಿದ ಮಗು ಕಲಿತದ್ದನ್ನೂ ಎಳೆದುಕೊಳ್ಳುತ್ತದೆ. ಇಷ್ಟನ್ನು ತಿಳಿಯಲು ನನಗೆ ಒಂದು ತಿಂಗಳು ಹಿಡಿಯಿತು.

ಅದೇ ಸಮಯದಲ್ಲಿ ಜಿಲ್ಲೆಯ ಮೇಲೆ ಇನ್ನೊಂದು ಸಿಡಿಲು ಬಡಿದಿತ್ತು. 2021ರ ಮೇ 2ರ ರಾತ್ರಿ ಬೆಳಗಾಗುವುದರೊಳಗೆ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ಜನ ಸತ್ತದ್ದು, ಆಮ್ಲಜನಕದ ಕೊರತೆಯ ಮಾತು ದೇಶವೆಲ್ಲ ಹಬ್ಬಿದ್ದು ನಿಮಗೆ ಗೊತ್ತಿದೆ. ಆ ದಿನಗಳಲ್ಲಿ ಯಾರ ಮನೆಯಲ್ಲಿ ಫೋನು ಬಡಿದುಕೊಂಡರೂ ಎದೆ ಝಲ್ಲೆನ್ನುತ್ತಿತ್ತು. ನಮ್ಮ ಸಂಘದ ಸದಸ್ಯರೊಬ್ಬರೂ ಆ ತಿಂಗಳು ಕೊರೋನಾದಿಂದ ತೀರಿಕೊಂಡರು. ಅವರ ಮಗನಿಗೆ ಆಗ ಹನ್ನೊಂದು ವರ್ಷ. ಹೆಣವನ್ನು ಮನೆಗೆ ತರಲಾಗಲಿಲ್ಲ, ಮಗ ಮುಖ ನೋಡಲಾಗಲಿಲ್ಲ. ಬಂದವರೆಲ್ಲ ಹನ್ನೊಂದು ವರ್ಷದ ಹುಡುಗನ ಬೆನ್ನು ತಟ್ಟಿ, "ಇನ್ನು ಮೇಲೆ ನೀನೇ ಮನೆಗೆ ಗಂಡಸು, ಅಳಬಾರದು, ಅವ್ವನ್ನ ನೋಡ್ಕಬೇಕು" ಎಂದು ಹೇಳಿಹೋದೆವು. ನಾನೂ ಹೇಳಿದೆ. ಒಳ್ಳೆಯ ಮಾತೆಂದೇ ಹೇಳಿದೆ. ಹುಡುಗ ಅಳಲಿಲ್ಲ. ಮಾತನ್ನೂ ಬಿಟ್ಟ. ದಿನವೆಲ್ಲ ದನದ ಕೊಟ್ಟಿಗೆಯಲ್ಲಿ ಕೂರುತ್ತಿದ್ದ.

ಇಂಥ ಹೊತ್ತಿನಲ್ಲಿ ನಮ್ಮ ಸಂಘ ಒಂದು ಸಣ್ಣ ಕೆಲಸ ಮಾಡಿತು. ಇವತ್ತು ಹೇಳಬೇಕಾದದ್ದು ಅದನ್ನೇ. 2021ರ ಜುಲೈ ತಿಂಗಳ ಆಡಳಿತ ಮಂಡಳಿ ಸಭೆಯಲ್ಲಿ ನಾನೊಂದು ವಿಷಯ ಮಂಡಿಸಿದೆ. ಬೆಳಗಿನ ಹಾಲು ಅಳೆದು ಮುಗಿಯುವುದು ಎಂಟೂವರೆಗೆ. ಸಂಜೆ ಹಾಲು ಶುರುವಾಗುವುದು ಐದಕ್ಕೆ. ನಡುವೆ ನಮ್ಮ ಕಟ್ಟಡ, ಅದರ ಜಗಲಿ, ಹಿಂದಿನ ಹೊಂಗೆ ಮರದ ನೆರಳು ಎಲ್ಲ ಖಾಲಿ. ಊರಿನ ಚಿಕ್ಕ ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಅಲ್ಲಿ ಕೂರಿಸಿ ಓದಿಸೋಣ ಎಂದೆ. ಸಭೆಯಲ್ಲಿ ಗಲಾಟೆಯೇ ಆಯಿತು. "ಹಾಲಿನ ಸಂಘಕ್ಕೂ ಅಕ್ಷರಕ್ಕೂ ಏನ್ ಸಂಬಂಧ? ಆಡಿಟ್‌ನವರು ಕೇಳಿದರೆ ಏನು ಹೇಳೋದು? ಹೈಕಳಿಗೆ ರೋಗ ತಗುಲಿದರೆ ಯಾರು ಹೊಣೆ?" ಎಂದರು. ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದರಲ್ಲೂ ಕೊನೆಯ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕಾಗಿ ಆಶಾ ಕಾರ್ಯಕರ್ತೆಯವರನ್ನು ಕೇಳಿ, ಒಳಗೆ ಕೂರಿಸದೆ ಮರದಡಿಯಲ್ಲೇ ದೂರ ದೂರ ಕೂರಿಸುವುದು, ಕೆಮ್ಮು ನೆಗಡಿ ಇದ್ದವರು ಬರದಿರುವುದು, ಮಾಸ್ಕು, ಸೋಪು, ನೀರು ಎಂದು ಕಟ್ಟುನಿಟ್ಟು ಮಾಡಿದೆವು.

ಸಂಬಂಧ ಏನು ಎಂಬ ಪ್ರಶ್ನೆಗೆ ನಮ್ಮ ಅಂದಿನ ಅಧ್ಯಕ್ಷರೇ ಉತ್ತರ ಹೇಳಿದರು. 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ಸಾಲ ಕೊಡುವುದಕ್ಕೆ ಮಾತ್ರ ಅಲ್ಲ, ಊರು ಒಂದಾಗಿ ನಿಲ್ಲುವುದಕ್ಕೆ ಎಂದರು. ಸಹಕಾರ ತತ್ವಗಳು ಏಳು. 1995ರಲ್ಲಿ ಅಂತರರಾಷ್ಟ್ರೀಯ ಸಹಕಾರ ಒಕ್ಕೂಟ ಒಪ್ಪಿಕೊಂಡ ಆ ಏಳರಲ್ಲಿ ಐದನೆಯದು ಶಿಕ್ಷಣ, ಏಳನೆಯದು ಸಮುದಾಯದ ಬಗ್ಗೆ ಕಾಳಜಿ. "ಗೋಡೆ ಮೇಲೆ ಬರೆಸಿದ್ದೀವಲ್ಲ, ಓದ್ಕಳಿ" ಎಂದರು. ಆಮೇಲೆ ಯಾರೂ ಮಾತಾಡಲಿಲ್ಲ.

ಓದಿಸಿದವರು ಯಾರು? ಕಾಲೇಜು ಮುಚ್ಚಿ ಮನೆಯಲ್ಲಿದ್ದ ನಮ್ಮೂರಿನ ಇಬ್ಬರು ಹೆಣ್ಣುಮಕ್ಕಳು, ಡಿ.ಎಡ್. ಮುಗಿಸಿ ಕೆಲಸ ಸಿಗದೆ ಕೂತಿದ್ದ ಒಬ್ಬ ಹುಡುಗ. ಶಾಲೆಯ ಮೇಷ್ಟ್ರು ಬಿಡುವಾದಾಗ ಬಂದು ದಾರಿ ತೋರಿಸಿದರು. ಅವರು ಹೇಳಿದ ಮೊದಲನೇ ಮಾತೇ ನಮ್ಮ ಕಣ್ಣು ತೆರೆಸಿತು. "ಯಾವ ಕ್ಲಾಸು ಅಂತ ಕೇಳಬೇಡಿ. ಏನು ಬರುತ್ತೆ ಅಂತ ನೋಡಿ, ಅದರಂತೆ ಗುಂಪು ಮಾಡಿ" ಎಂದರು. ಅಕ್ಷರ ಮರೆತವರು ಒಂದು ಗುಂಪು, ಪದ ಓದುವವರು ಒಂದು ಗುಂಪು, ಕತೆ ಓದುವವರು ಒಂದು ಗುಂಪು. ನಾಲ್ಕನೇ ಕ್ಲಾಸಿನವನು ಒಂದನೇ ಕ್ಲಾಸಿನವಳ ಪಕ್ಕ ಕೂತರೂ ಯಾರೂ ನಗಬಾರದು. ನಕ್ಕವರಿಗೆ ಶಿಕ್ಷೆ ಏನೆಂದರೆ, ಆ ದಿನ ಅವರೇ ಅವನಿಗೆ ಹೇಳಿಕೊಡಬೇಕು.

ಆ ಕಾಲದಲ್ಲಿ ಹಳ್ಳಿಗಳಲ್ಲಿ ನಡೆದ ಅಸರ್ ಸಮೀಕ್ಷೆಯಲ್ಲಿ ಕಂಡದ್ದೂ ಇದನ್ನೇ. ನಮ್ಮ ರಾಜ್ಯದ ಗ್ರಾಮಾಂತರದ ಮೂರನೇ ತರಗತಿ ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು 2018ರಲ್ಲಿ ನೂರಕ್ಕೆ 19ರಷ್ಟಿದ್ದರು. 2021ರ ಹೊತ್ತಿಗೆ ಅದು 10ಕ್ಕಿಂತ ಕಡಿಮೆಗೆ ಇಳಿಯಿತು. ಅಂದರೆ ನನ್ನ ಮಗಳು ದಡ್ಡಿಯಲ್ಲ. ನೂರರಲ್ಲಿ ತೊಂಬತ್ತು ಮಕ್ಕಳ ಜೊತೆ ಅವಳೂ ಇದ್ದಳು. ಕೊರೋನಾಕ್ಕೆ ಮುಂಚೆಯೂ ನೂರಕ್ಕೆ ಎಂಬತ್ತು ಮಕ್ಕಳು ಓದಲಾರದೆ ಇದ್ದರು ಎಂಬುದನ್ನೂ ನಾವು ಮರೆಯಬಾರದು. ರೋಗವನ್ನೇ ಬೈದುಕೊಂಡು ಕೂತರೆ ಸಾಲದು.

ಲೆಕ್ಕಕ್ಕೆ ನಮ್ಮ ಹಾಲಿನ ಚೀಟಿಯೇ ಪುಸ್ತಕವಾಯಿತು. ಫ್ಯಾಟ್ 4.1, ಎಸ್.ಎನ್.ಎಫ್. 8.5, ಇವೆಲ್ಲ ದಶಮಾಂಶ ಪಾಠ. "6 ಲೀಟರ್ 400 ಮಿಲಿ ಹಾಲಿಗೆ ಲೀಟರಿಗೆ 5 ರೂಪಾಯಿಯಂತೆ ಪ್ರೋತ್ಸಾಹಧನ ಎಷ್ಟು?" ಎಂದರೆ ಮಕ್ಕಳು ಬೆರಳು ಮಡಿಸಿ "32 ರೂಪಾಯಿ" ಎನ್ನುವರು. ಪುಸ್ತಕದ ಲೆಕ್ಕಕ್ಕೆ ಆಕಳಿಸುತ್ತಿದ್ದವರು ಅಪ್ಪನ ಬಟವಾಡೆ ಲೆಕ್ಕಕ್ಕೆ ಎದ್ದು ಕೂತರು. ಒಂದು ದಿನ ಐದನೇ ಕ್ಲಾಸಿನ ಹುಡುಗಿಯೊಬ್ಬಳು ತನ್ನಪ್ಪನ ಪಾಸ್‌ಬುಕ್ಕಿನಲ್ಲಿ 18 ರೂಪಾಯಿ ವ್ಯತ್ಯಾಸ ಹಿಡಿದಳು. ಕಾರ್ಯದರ್ಶಿಗಳು ಕನ್ನಡಕ ಹಾಕಿಕೊಂಡು ಮೂರು ಸಲ ಕೂಡಿ, ನಕ್ಕು, ತಿದ್ದಿದರು. (ಕಾರ್ಯದರ್ಶಿಗಳು ಇಲ್ಲೇ ಇದ್ದಾರೆ, ಬೇಜಾರು ಮಾಡಿಕೊಳ್ಳಬಾರದು.) ಅವತ್ತಿನಿಂದ ನಮ್ಮ ಸಂಘದ ನಿಜವಾದ ಲೆಕ್ಕ ತಪಾಸಿಗರು ಇವರೇ ಎಂದು ಊರಿನಲ್ಲಿ ತಮಾಷೆ ಮಾಡುತ್ತಿದ್ದರು.

ನನ್ನ ಮಗಳು ಮೊದಲು ಮರದ ಹತ್ತಿರವೂ ಬರಲಿಲ್ಲ. ನಾನು ಎಳೆದುಕೊಂಡು ಹೋಗಲಿಲ್ಲ. ಬೆಳಿಗ್ಗೆ ಹಾಲಿನ ಕ್ಯಾನು ತರುವಾಗ ಜೊತೆಗೆ ಕರೆದುಕೊಂಡು ಬರುತ್ತಿದ್ದೆ, ಅಷ್ಟೇ. ಒಂದು ದಿನ ದಾರಿಯಲ್ಲಿ ನಿಂತು, "ಮಗಾ, ಅವತ್ತು ಹೊಡೆದದ್ದು ನಂದು ತಪ್ಪು" ಎಂದೆ. ಮಗಳ ಹತ್ತಿರ ತಪ್ಪಾಯಿತು ಎಂದು ಹೇಳಲು ನಮ್ಮ ಕಡೆ ಗಂಡಸರಿಗೆ ನಾಲಿಗೆ ಹೊರಳುವುದಿಲ್ಲ. ನನಗೂ ಹೊರಳಲಿಲ್ಲ, ಹೇಗೋ ಹೇಳಿದೆ. ಅವಳು ಏನೂ ಮಾತಾಡದೆ ಕ್ಯಾನಿನ ಹಿಡಿ ಹಿಡಿದುಕೊಂಡಳು. ಎರಡು ವಾರವಾದ ಮೇಲೆ ಸಂಘದ ಬೋರ್ಡಿನ ಮುಂದೆ ನಿಂತು, "ಹಾ... ಲು... ಉ... ತ್ಪಾ... ದ... ಕ..." ಎಂದು ತಾನಾಗಿ ಓದಿದಳು. ಒತ್ತಕ್ಷರ! ಆ ಖುಷಿ ನನಗೆ ಹಸು ಕರು ಹಾಕಿದಾಗಲೂ ಆಗಿರಲಿಲ್ಲ. ಹಾಸಿಗೆ ಒದ್ದೆಯಾಗುವುದು ಯಾವಾಗ ನಿಂತಿತು ಎಂದು ನಮಗೆ ಗೊತ್ತೇ ಆಗಲಿಲ್ಲ. ಈಗ ಅವಳು ಹೈಸ್ಕೂಲಿನ ಹೊಸ್ತಿಲಿನಲ್ಲಿದ್ದಾಳೆ.

ಅಪ್ಪನನ್ನು ಕಳೆದುಕೊಂಡ ಹುಡುಗನನ್ನು ಸರಿದಾರಿಗೆ ತಂದವರು ನಾವ್ಯಾರೂ ಅಲ್ಲ, ಸಂಘದ ಹಿರಿಯ ಸದಸ್ಯೆಯಾದ ಒಬ್ಬ ಅಜ್ಜಿ. ಅವರು ದಿನಾ ಹೋಗಿ ಕೊಟ್ಟಿಗೆಯಲ್ಲಿ ಅವನ ಪಕ್ಕ ಕೂತು, ಅವನಪ್ಪ ಚಿಕ್ಕವನಿದ್ದಾಗ ಮಾಡುತ್ತಿದ್ದ ತುಂಟಾಟ ಹೇಳುತ್ತಿದ್ದರು. ಒಂದು ದಿನ ಹುಡುಗ ಬಿಕ್ಕಿ ಬಿಕ್ಕಿ ಅತ್ತ. ಓಡಿಬಂದು ಸಮಾಧಾನ ಮಾಡಲು ಹೋದವರಿಗೆ ಅಜ್ಜಿ, "ಬುಡಿ, ಅಳ್ಲಿ. ಮೂರು ತಿಂಗ್ಳಿಂದ ಒಳಗ ಮಡಿಕಂಡವ್ನ" ಎಂದರು. ಆಮೇಲೆ ಅವನಿಗೊಂದು ಕೆಲಸ ಕೊಟ್ಟೆವು. ಬಂದ ಮಕ್ಕಳ ಹೆಸರು ಬರೆಯುವುದು, ಗಂಟೆ ಹೊಡೆಯುವುದು. ಗಂಟೆ ಹೊಡೆಯಲೆಂದು ಬಂದವನು ಓದಲು ಕೂತ. ದುಃಖದಲ್ಲಿರುವ ಮಗುವಿಗೆ ಉಪದೇಶಕ್ಕಿಂತ ಪಕ್ಕದಲ್ಲಿ ಒಬ್ಬರು, ಕೈಗೆ ಒಂದು ಸಣ್ಣ ಕೆಲಸ, ಇವೇ ದೊಡ್ಡ ಔಷಧಿ.

ಅದೇ ಸಮಯದಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳಿಗೆ ಸದ್ದಿಲ್ಲದೆ ಮದುವೆ ಮಾಡಲು ಮಾತುಕತೆ ನಡೆದಿತ್ತು. ಶಾಲೆ ಇಲ್ಲ, ಖರ್ಚು ಕಡಿಮೆ, ಜನ ಸೇರುವಂತಿಲ್ಲ, ಮುಗಿಸಿಬಿಡೋಣ ಎಂಬ ಲೆಕ್ಕ. ಸ್ತ್ರೀಶಕ್ತಿ ಸಂಘದ ಹೆಂಗಸರು ಹೋಗಿ ಕೂತು ಮಾತಾಡಿ ನಿಲ್ಲಿಸಿದರು. ಹದಿನೆಂಟು ತುಂಬದ ಹೆಣ್ಣಿಗೆ ಮದುವೆ ಮಾಡುವುದು ಅಪರಾಧ, ಮಾಡಿಸಿದವರಿಗೂ ಶಿಕ್ಷೆ ಎಂಬುದು ಎಲ್ಲರಿಗೂ ಗೊತ್ತಿರಲಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನು ಮಾಡಿದರೆ ದುಡ್ಡು ಬೀಳುವುದಿಲ್ಲ.

ಇಷ್ಟೆಲ್ಲ ಹೇಳಿ ನಮ್ಮ ಬೆನ್ನು ನಾವೇ ತಟ್ಟಿಕೊಂಡರೆ ಅದು ಅರ್ಧ ಸುಳ್ಳಾಗುತ್ತದೆ. ಇನ್ನೊಂದು ಹೇಳಲೇಬೇಕು. ಆಗ ಆರನೇ ತರಗತಿಯಲ್ಲಿದ್ದ ಒಬ್ಬ ಹುಡುಗ ಮರದಡಿಗೆ ನಾಲ್ಕು ದಿನ ಬಂದು, ಐದನೇ ದಿನ ಬರಲಿಲ್ಲ. ಯಾರೂ ಅವನ ಮನೆಗೆ ಹೋಗಿ ಕೇಳಲಿಲ್ಲ. ನಾಳೆ ಹೋಗೋಣ, ಹೂವು ಕುಯ್ಯುವುದು ಮುಗಿಯಲಿ ಎಂದುಕೊಂಡೆವು. ಹೂವು ಕುಯ್ದು ಮುಗಿಯುವುದರೊಳಗೆ ಅವನು ಅವರ ಮಾವನ ಜೊತೆ ಶುಂಠಿ ಕೆಲಸಕ್ಕೆ ಹೋಗಿದ್ದ. ಶಾಲೆ ತೆರೆದಾಗ ಬರಲಿಲ್ಲ. ಮೇಷ್ಟ್ರು ಹೋಗಿ ಕರೆದರು. ಅಷ್ಟು ಹೊತ್ತಿಗೆ ಅವನಿಗೆ ದಿನಗೂಲಿಯ ರುಚಿ ಹತ್ತಿತ್ತು, ಶಾಲೆಯ ಹೆದರಿಕೆಯೂ ಹತ್ತಿತ್ತು. ಈಗ ಅವನು ಮೀಸೆ ಬಂದ ಹುಡುಗ. ಹಬ್ಬಕ್ಕೆ ಊರಿಗೆ ಬಂದಾಗ ಸಂಘಕ್ಕೆ ಹಾಲು ತರುತ್ತಾನೆ. ಚೀಟಿ ಕೊಟ್ಟರೆ ಓದದೆ ಮಡಿಸಿ ಜೇಬಿಗೆ ಹಾಕಿಕೊಳ್ಳುತ್ತಾನೆ. ಇಪ್ಪತ್ತೈದು ವರ್ಷದ ನಮ್ಮ ಸಂಘದ ಲಾಭ ನಷ್ಟದ ತಖ್ತೆ ಈ ಸಂಚಿಕೆಯಲ್ಲಿ ಅಚ್ಚಾಗಿದೆ. ಆ ಹುಡುಗನ ನಷ್ಟ ಅದರಲ್ಲಿ ಇಲ್ಲ. ಅದಕ್ಕಾಗಿ ನಾನು ಇಲ್ಲಿ ಹೇಳುತ್ತಿದ್ದೇನೆ, ಅದೂ ಬರಹದಲ್ಲಿ ಇರಲಿ.

ಶಾಲೆ ತೆರೆದ ಮೇಲೆ 2022-23ನೇ ಸಾಲನ್ನು ಸರ್ಕಾರ ಕಲಿಕಾ ಚೇತರಿಕೆ ವರ್ಷ ಎಂದು ಮಾಡಿ, ಹಿಂದಿನ ತರಗತಿಗಳದ್ದನ್ನು ಮತ್ತೆ ಕಲಿಸಿತು. ಬೇಕಾಗಿದ್ದ ಕೆಲಸ. ಆದರೆ ಕೊರೋನಾ ಹೋಯಿತು ಎಂದು ನಾವು ಮರೆಯುವಂತಿಲ್ಲ. ಮಳೆ ತಪ್ಪುತ್ತದೆ, ಗುಳೆ ಹೋಗುವುದು ನಿಂತಿಲ್ಲ, ಆನೆ ಬರುವುದು ನಿಂತಿಲ್ಲ, ಮನೆಯಲ್ಲಿ ಸಾವು ನೋವು ಇದ್ದದ್ದೇ. ಒಂದೊಂದು ಮಗುವಿಗೆ ಒಂದೊಂದು ಕಾರಣಕ್ಕೆ ಶಾಲೆ ನಿಲ್ಲುತ್ತಲೇ ಇರುತ್ತದೆ. ಆದ್ದರಿಂದ ಅನುಭವದಿಂದ ಕಲಿತ ಕೆಲವು ಮಾತುಗಳನ್ನು ತಮ್ಮ ಮುಂದೆ ಇಡುತ್ತೇನೆ.

ಒಂದು, ಶಾಲೆ ಇರಲಿ ಬಿಡಲಿ, ಮಗುವಿನ ದಿನಕ್ಕೊಂದು ಕಟ್ಟು ಇರಬೇಕು. ಏಳುವುದು, ಉಣ್ಣುವುದು, ಆಡುವುದು, ಓದುವುದು, ಮಲಗುವುದು ಹೊತ್ತಿಗೆ ಸರಿಯಾಗಿ ನಡೆದರೆ ಅರ್ಧ ಭಯ ಹೋಗುತ್ತದೆ. ಹಸುವಿಗೇ ಹೊತ್ತಿಗೆ ಸರಿಯಾಗಿ ಮೇವು ಹಾಕುವ ನಮಗೆ ಇದು ಹೇಳಿಕೊಡಬೇಕಾದದ್ದಲ್ಲ.

ಎರಡು, ಮಕ್ಕಳು ಕೇಳಿದ್ದಕ್ಕೆ ಅವರಿಗೆ ತಿಳಿಯುವಷ್ಟು ನಿಜ ಹೇಳಿ. "ನಿನಗ್ಯಾಕೆ, ಹೋಗು" ಎಂದರೆ ಮಗು ಸುಮ್ಮನಾಗುವುದಿಲ್ಲ, ತನ್ನೊಳಗೇ ಇನ್ನೂ ದೊಡ್ಡ ಭೂತ ಕಟ್ಟಿಕೊಳ್ಳುತ್ತದೆ.

ಮೂರು, ಓದು ಮರೆತದ್ದಕ್ಕೆ ಹೊಡೆಯಬೇಡಿ, ಪಕ್ಕದ ಮನೆ ಮಗುವಿಗೆ ಹೋಲಿಸಬೇಡಿ. ಎಲ್ಲಿ ನಿಂತಿದೆಯೋ ಅಲ್ಲಿಂದಲೇ ಶುರು ಮಾಡಿ. ದಿನಕ್ಕೆ ಅರ್ಧ ಗಂಟೆ ಸಾಕು. ಓದು ಬಾರದ ತಾಯಂದಿರೂ ಪಕ್ಕದಲ್ಲಿ ಕೂತು "ಓದು, ನಾನು ಕೇಳ್ತೀನಿ" ಎನ್ನಬಹುದು. ಕೇಳುವವರು ಇದ್ದರೆ ಮಗು ಓದುತ್ತದೆ.

ನಾಲ್ಕು, ಆಟ ದಂಡವಲ್ಲ. ಬುಗುರಿ, ಕುಂಟೆಬಿಲ್ಲೆ, ಅಳಗುಳಿಮನೆ, ಕಬಡ್ಡಿ ಏನಾದರೂ ಆಡಲಿ. ಅಳಗುಳಿಮನೆಯಲ್ಲಿ ಲೆಕ್ಕವೂ ಇದೆ, ನಗುವೂ ಇದೆ.

ಐದು, ಮಗು ತುಂಬ ದಿನ ಮಾತು ಬಿಟ್ಟರೆ, ಊಟ ನಿದ್ದೆ ಕೆಟ್ಟರೆ, ಬೆಳೆದ ಮಗು ಮತ್ತೆ ಹಾಸಿಗೆ ಒದ್ದೆ ಮಾಡಿಕೊಂಡರೆ, ಪ್ರತಿ ಬೆಳಿಗ್ಗೆ ಹೊಟ್ಟೆನೋವು ಎಂದರೆ, ಸಿಟ್ಟಿಗೆ ಸಾಮಾನು ಎಸೆದರೆ ಅದು ಹಟವಲ್ಲ, ಮಗು ನಮ್ಮನ್ನು ಕೂಗುವ ಬಗೆ. ಮೊದಲು ಪಕ್ಕದಲ್ಲಿ ಕೂತು ಕೇಳಿ. ಆಶಾ ಕಾರ್ಯಕರ್ತೆಯವರಿಗೆ ತಿಳಿಸಿ, ಡಾಕ್ಟರಿಗೆ ತೋರಿಸಿ. ಟೆಲಿ ಮಾನಸ್ ಎಂಬ ಸಹಾಯವಾಣಿ 2022ರಿಂದ ಇದೆ, ನಂಬರು 14416. ಕನ್ನಡದಲ್ಲೇ ಮಾತಾಡುತ್ತಾರೆ. ಮನಸ್ಸಿನ ನೋವಿಗೆ ಫೋನು ಮಾಡಿದರೆ ಹುಚ್ಚು ಎಂದು ಯಾರೂ ತಿಳಿಯಬಾರದು.

ಆರು, ಇದು ಸಂಘಕ್ಕೆ. ಒಂದು ಮಗು ಎರಡು ದಿನ ಶಾಲೆಗೆ ಬಾರದಿದ್ದರೆ ಮೂರನೇ ದಿನ ಆ ಬೀದಿಯ ನಿರ್ದೇಶಕರು ಆ ಮನೆಯ ಬಾಗಿಲಲ್ಲಿ ನಿಂತಿರಬೇಕು. ಒಬ್ಬ ಸದಸ್ಯ ಎರಡು ದಿನ ಹಾಲು ಹಾಕದಿದ್ದರೆ ನಾವು ಯಾಕೆ ಎಂದು ವಿಚಾರಿಸುವುದಿಲ್ಲವೇ? ಹಾಲಿಗೆ ತೋರಿಸುವ ಕಾಳಜಿ ಹಾಲು ಕುಡಿಯುವ ಮಕ್ಕಳಿಗೂ ತೋರಿಸೋಣ. ಬೆಳ್ಳಿಹಬ್ಬದ ನೆನಪಿಗೆ ಕಮಾನು ಕಟ್ಟಿಸಬೇಕು ಎಂದು ಕೆಲವರು ಹೇಳಿದ್ದಾರೆ. ಕಮಾನು ಆಮೇಲಾಗಲಿ. ಹೊಂಗೆ ಮರದ ಪಕ್ಕದಲ್ಲಿ ಒಂದು ತಗಡಿನ ಚಪ್ಪರ, ಎರಡು ಬೀರು ಪುಸ್ತಕ, ಒಂದು ಲೈಟು ಮಾಡೋಣ ಎಂದು ಈ ಸಭೆಯ ಮೂಲಕ ಆಡಳಿತ ಮಂಡಳಿಗೆ ಕೈಮುಗಿದು ಕೇಳುತ್ತೇನೆ.

ಕೊನೆಯ ಮಾತು. ತಪ್ಪಿಸಿಕೊಂಡು ಹೋದ ಕರು ಸಂಜೆ ಹಟ್ಟಿಗೆ ಬಂದಾಗ ನಾವು ಬಾಗಿಲು ಹಾಕುವುದಿಲ್ಲ, ಒಳಗೆ ಬಿಟ್ಟುಕೊಂಡು ಮೈ ಸವರುತ್ತೇವೆ. ಶಾಲೆ ಬಿಟ್ಟು ಮತ್ತೆ ಬಂದ ಮಗುವಿಗೆ ನಮ್ಮ ಮೇಷ್ಟ್ರು ಹೇಳಿದ ಮಾತನ್ನೇ ಹೇಳೋಣ. "ಬಾ, ನಿನ್ನ ಜಾಗ ಹಂಗೇ ಐತೆ." ಆ ಶುಂಠಿ ಕೆಲಸದ ಹುಡುಗ ಈ ಸಲ ಹಬ್ಬಕ್ಕೆ ಬಂದಾಗ ಅವನಿಗೂ ಹೇಳುತ್ತೇನೆ. ಅವನು ಕೇಳುತ್ತಾನೋ ಇಲ್ಲವೋ ಗೊತ್ತಿಲ್ಲ. ಈ ಸಲವಂತೂ ಹೂವು ಕುಯ್ದು ಮುಗಿಯಲಿ ಎಂದು ಕಾಯುವುದಿಲ್ಲ.



ಜೈ ಸಹಕಾರ. ಜೈ ಕರ್ನಾಟಕ.